ತೃಪ್ತಿಕರರ ನಡತೆ

ಆ ಶಾಲೆಯ ಗುಮಾಸ್ತರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಅದು ಹಾಜರಿ ಪುಸ್ತಕದ ಮೊದಲ ಪುಟದಲ್ಲಿ ಮಾತ್ರ ಉಸಿರಾಡಿಕೊಂಡಿತ್ತು. ಊರಿಗೆಲ್ಲ ಅವರು ‘ತೃಪ್ತಿಕರ’. ಈ ಬಿರುದನ್ನು ಯಾರೂ ಸಭೆ ಸೇರಿಸಿ ಕೊಟ್ಟದ್ದಲ್ಲ, ಅವರೇ ಕೈಯಾರೆ ಬರೆದು ಬರೆದು ಸಂಪಾದಿಸಿದ್ದು. ಶಾಲೆ ಬಿಟ್ಟು ಹೋಗುವ ಪ್ರತಿಯೊಬ್ಬರಿಗೂ ಒಂದು ಪ್ರಮಾಣಪತ್ರ ಕೊಡಬೇಕಷ್ಟೆ. ಅದರಲ್ಲಿ ಏಳನೆಯ ಕಾಲಂ ‘ನಡತೆ’. ಇಪ್ಪತ್ತನಾಲ್ಕು ವರ್ಷಗಳಿಂದ ಆ ಕಾಲಂನಲ್ಲಿ ಅವರು ಬರೆದದ್ದು ಒಂದೇ ಪದ, ತೃಪ್ತಿಕರ. ಚರ್ಚಾಸ್ಪರ್ಧೆಯಲ್ಲಿ ಬಹುಮಾನಗಳನ್ನು ಗುಡ್ಡೆ ಹಾಕಿದವಳೂ ತೃಪ್ತಿಕರ, ಭಾಷಾ ಟೀಚರ ಕುರ್ಚಿಗೆ ಗೋಂದು ಹಚ್ಚಿದವನೂ ತೃಪ್ತಿಕರ. ಸಮಾನತೆ ಎಂದರೇನೆಂದು ನೋಡಬೇಕಾದವರು ಆ ಶಾಲೆಯ ದಾಖಲೆ ಕೋಣೆಗೆ ಹೋಗಬೇಕು.

“ಉತ್ತಮ ಅಂತ ಬರೆದೆ ಅನ್ನಿ, ನಾಳೆ ಅವನು ಏನಾದ್ರೂ ಮಾಡಿಕೊಂಡರೆ ನನ್ನನ್ನ ಕೇಳ್ತಾರೆ. ಕೆಟ್ಟದು ಅಂತ ಬರೆದೆ ಅನ್ನಿ, ಇವತ್ತೇ ಅವರಪ್ಪ ಬಂದು ಕೇಳ್ತಾನೆ. ತೃಪ್ತಿಕರ ಅಂದ್ರೆ ಯಾರೂ ಏನೂ ಕೇಳಲ್ಲ” ಎಂಬುದು ಅವರ ಸಿದ್ಧಾಂತ. ನಿಜಕ್ಕೂ ಯಾರೂ ಏನೂ ಕೇಳಿರಲಿಲ್ಲ.

ಹೀಗಿರುವಾಗ ಕಚೇರಿಯ ಅಧೀಕ್ಷಕರು ನಿವೃತ್ತರಾದರು, ಅವರ ಕುರ್ಚಿ ಖಾಲಿಯಾಯಿತು. ಅದು ಸಾಮಾನ್ಯ ಕುರ್ಚಿಯಲ್ಲ, ಕೈಗಳಿರುವ ಕುರ್ಚಿ. ತೃಪ್ತಿಕರರು ಇಪ್ಪತ್ತನಾಲ್ಕು ವರ್ಷ ಕೈಯಿಲ್ಲದ ಕುರ್ಚಿಯಲ್ಲಿ ಕೂತು, ಮೊಣಕೈಗಳನ್ನು ಎಲ್ಲಿಡುವುದೆಂದು ತೋಚದೆ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದವರು. ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಎರಡು ಸಲ ಆ ಕುರ್ಚಿಯಲ್ಲಿ ಕೂತು ನೋಡಿದ್ದರು. ಮೊಣಕೈಗಳು ತವರಿಗೆ ಬಂದ ಹಾಗಿತ್ತು. ಆ ಕುರ್ಚಿ ಸಿಗದಿದ್ದರೆ ಇನ್ನು ಬದುಕಿ ಏನು ಪ್ರಯೋಜನ ಎಂದು ಹೆಂಡತಿಯ ಹತ್ತಿರ ಬಾಯಿಬಿಟ್ಟು ಹೇಳಿಯೂ ಇದ್ದರು. ಹೆಂಡತಿ “ಮೊದಲು ಬಟ್ಟೆ ಒಣಗಿಹಾಕಿ” ಎಂದಿದ್ದರು.

ಕುರ್ಚಿಗೆ ಅಡ್ಡಿಯೆಂದರೆ ಒಂದೇ. ಅಧೀಕ್ಷಕರಾಗುವವರ ನಡತೆ ‘ಉತ್ತಮ’ ಎಂದಿರತಕ್ಕದ್ದು ಎಂದು ಶಾಲೆಯ ನಿಯಮದಲ್ಲಿತ್ತು. ಅದನ್ನು ಅವರ ಕಡತದಲ್ಲಿ ಮುಖ್ಯೋಪಾಧ್ಯಾಯಿನಿ ಬರೆಯಬೇಕು, ಆಡಳಿತ ಸಮಿತಿ ಒಪ್ಪಬೇಕು. ಸಮಿತಿ ಸೇರುವುದು ಮುಂದಿನ ವಾರ ಶುಕ್ರವಾರ ಮಧ್ಯಾಹ್ನ ಮೂರಕ್ಕೆ. ಸಮಿತಿಯ ಅಧ್ಯಕ್ಷರು ಬೇರೆ ಯಾರೂ ಅಲ್ಲ, ತೃಪ್ತಿಕರರ ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು.

ಹೀಗೆಂದು ಸುತ್ತೋಲೆ ಬಂದ ಸೋಮವಾರವೇ ಕಚೇರಿಯ ಕಿಟಕಿಯ ಹತ್ತಿರ ಒಬ್ಬ ಬಂದು ನಿಂತ. ಸುಮಾರು ಮೂವತ್ತರ ಆಸುಪಾಸಿನ, ಅಗಲ ಭುಜದ ಆಸಾಮಿ.

“ಸಾರ್, ನಾನು ಗೊತ್ತಾಯ್ತಾ? ಗೋಂದು.”

ಗೊತ್ತಾಗದೇ ಇರುತ್ತದೆಯೆ! ಆ ಐತಿಹಾಸಿಕ ಗೋಂದು ಹಚ್ಚಿದವನು ಇವನೇ. ಅಂದು ಕುರ್ಚಿಯ ಸಮೇತ ಎದ್ದು ನಿಂತ ಭಾಷಾ ಟೀಚರೇ ಇಂದಿನ ಮುಖ್ಯೋಪಾಧ್ಯಾಯಿನಿ.

“ಬಸ್ ಕಂಪನಿಯಲ್ಲಿ ಡ್ರೈವರ್ ಕೆಲಸ ಸಿಕ್ತಾ ಇದೆ ಸಾರ್. ಗಾಡಿ ಓಡಿಸಿ ತೋರಿಸಿದೆ, ಕಣ್ಣಿನ ಪರೀಕ್ಷೆ ಆಯ್ತು. ಇನ್ನು ಓದಿದ ಶಾಲೆಯಿಂದ ನಡತೆ ಪತ್ರ ಒಂದು ಬೇಕು. ಮುಂದಿನ ಶುಕ್ರವಾರ ಐದು ಗಂಟೆ ಒಳಗೆ ಕೊಡಬೇಕು. ಅದರಲ್ಲಿ ಉತ್ತಮ ಅಂತಾನೇ ಇರಬೇಕಂತೆ.”

“ತೃಪ್ತಿಕರಕ್ಕೆ ಏನಾಗಿದೆ?”

“ಅರವತ್ತು ಜನರನ್ನ ಕೂರಿಸಿಕೊಂಡು ಹೋಗೋನು ಬರೀ ತೃಪ್ತಿಕರ ಆದ್ರೆ ಸಾಲದು ಅಂದ್ರು.”

“ನೋಡಪ್ಪಾ, ನೀನು ಒಳ್ಳೆಯವನೇ. ಆದ್ರೆ ನಾನು ಉತ್ತಮ ಅಂತ ಬರೆದು, ನಾಳೆ ನೀನು ಬಸ್ಸನ್ನ ಯಾರ ಮನೆಯೊಳಕ್ಕಾದ್ರೂ ನುಗ್ಗಿಸಿದರೆ?”

“ಎಂಟು ವರ್ಷದಿಂದ ಸಾಮಾನಿನ ವ್ಯಾನ್ ಓಡಿಸ್ತಿದೀನಿ ಸಾರ್. ಒಂದು ಕೋಳೀನೂ ಮುಟ್ಟಿಲ್ಲ.”

“ಕೋಳಿ ಬೇರೆ, ಗೋಂದು ಬೇರೆ. ಶುಕ್ರವಾರ ಬಾ. ತೃಪ್ತಿಕರ ಅಂತ ಬರೆದು ಇಟ್ಟಿರ್ತೀನಿ” ಎಂದು ತೃಪ್ತಿಕರರು ಕಿಟಕಿ ಎಳೆದುಕೊಂಡರು. ತಮಗೂ ಅದೇ ಶುಕ್ರವಾರ ಅದೇ ಪದ ಬೇಕಾಗಿದೆ ಎಂಬುದು ಅವರ ತಲೆಗೆ ಹೊಳೆಯಲಿಲ್ಲ. ಅವರ ತಲೆಯಲ್ಲಿ ಆಗ ಕುರ್ಚಿಗೆ ಮಾತ್ರ ಜಾಗವಿತ್ತು.

ಅಂದು ಸಂಜೆ ಬೀದಿಯಲ್ಲಿ ಮ್ಯಾನೇಜರು ಎದುರಾದರು. ಬಿಳಿ ಬೂಟು, ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ ಗಡಿಯಾರ. ಬ್ಯಾಂಕಿನಲ್ಲಿ ಎಣಿಸುವುದು ಮುಗಿದ ಮೇಲೆ ಅವರು ಹೆಜ್ಜೆ ಎಣಿಸಲು ತೊಡಗಿದ್ದರು.

“ಏನ್ ಸಾರ್, ವಾಕಿಂಗಾ?” ಎಂದು ಅವರೇ ಕೇಳಿದರು.

“ಹೂಂ ಸಾರ್. ದಿನಾ ತಪ್ಪಿಸಲ್ಲ.”

“ನಿಮ್ಮದು ವಾಕಿಂಗ್ ಅಲ್ಲ ಸಾರ್, ಸ್ಥಳಾಂತರ. ನಾನು ಹಾಲು ತರೋಕೆ ಹೊರಟಾಗ ಆ ಕಂಬದ ಹತ್ತಿರ ಇದ್ರಿ. ಹಾಲು ತಂದು, ಕಾಯಿಸಿ, ಕುಡಿದು, ಲೋಟ ತೊಳೆದಿಟ್ಟು ಬಂದರೆ ಈ ಕಂಬದ ಹತ್ತಿರ ಇದೀರಿ.”

ಕುರ್ಚಿಯನ್ನು ಕೊಡಬೇಕಾದ ಮನುಷ್ಯನ ಬಾಯಿಂದ ಇಂಥ ಮಾತು ಬಂದರೆ ಯಾರು ಸುಮ್ಮನಿರುತ್ತಾರೆ? ತೃಪ್ತಿಕರರ ನಾಲಿಗೆ ಅವರನ್ನು ಕೇಳದೆಯೇ ಹೊರಳಿತು.

“ನಾನು ಸುಮ್ಮನೆ ನಡೆಯೋನಲ್ಲ ಸಾರ್, ತಾಳಕ್ಕೆ ನಡೆಯೋನು. ಸಂಗೀತ ಇಲ್ಲದೆ ನನಗೆ ಕಾಲೇ ಬರಲ್ಲ.”

“ಹೌದಾ? ಎಲ್ಲಿ ಸಂಗೀತ?”

“ಅದು... ನಾಳೆಯಿಂದ.”

ಮಾತು ಕೊಟ್ಟಾಗಿತ್ತು. ತೃಪ್ತಿಕರರು ನೇರವಾಗಿ ಭಾಮೈದನ ಮೊಬೈಲ್ ರಿಪೇರಿ ಅಂಗಡಿಗೆ ಹೋದರು. ಅವರ ದೃಷ್ಟಿಯಲ್ಲಿ ‘ನೇರವಾಗಿ’ ಎಂದರೆ ಮುಕ್ಕಾಲು ಗಂಟೆ.

“ಭಾವ, ಇದರ ಹೆಸರು ‘ಹೆಜ್ಜೆಹಾಡು’” ಎಂದು ಭಾಮೈದ ಅವರ ಫೋನಿನಲ್ಲಿ ಏನೋ ಒತ್ತುತ್ತ ಹೇಳಿದ. “ಜೇಬಲ್ಲಿ ಇಟ್ಟುಕೊಂಡು ನಡೀರಿ ಸಾಕು. ನಿಮಿಷಕ್ಕೆ ಎಷ್ಟು ಹೆಜ್ಜೆ ಅಂತ ಅದೇ ಎಣಿಸಿ, ಆ ವೇಗಕ್ಕೆ ಹೊಂದೋ ಹಾಡು ಹಾಕುತ್ತೆ. ಜೋರಾಗಿ ನಡೆದ್ರೆ ಜೋರು ಹಾಡು, ನಿಧಾನ ನಡೆದ್ರೆ ನಿಧಾನದ್ದು. ಮಧ್ಯೆ ಮಧ್ಯೆ ಹೇಗೆ ನಡೀತಿದೀರಿ ಅಂತ ಬಾಯಿಬಿಟ್ಟು ಹೇಳುತ್ತೆ. ಯಾವ ಭಾಷೆ ಹಾಕಲಿ?”

“ನಾನು ಕನ್ನಡದಲ್ಲೇ ನಡೆಯೋನು.”

“ಕನ್ನಡ ಇದರಲ್ಲಿ ಹೊಸದು ಭಾವ, ಅಷ್ಟು ಪಕ್ಕಾ ಇಲ್ಲ ಅನ್ಸುತ್ತೆ. ಇರಲಿ. ಮೊದಲ ಹದಿನೈದು ದಿನ ಫ್ರೀ. ಇಷ್ಟ ಆದ್ರೆ ಇಟ್ಕೊಳ್ಳಿ, ಇಲ್ಲ ಅಂದ್ರೆ ತೆಗೆದುಬಿಡಿ. ಮತ್ತೆ, ಆಫ್ ಮಾಡೋಕೆ ಹೋಗಬೇಡಿ, ದಿನವಿಡೀ ಎಣಿಸ್ತಾ ಇರಲಿ.”

ಕಿವಿಗೆ ಸಿಕ್ಕಿಸಿಕೊಳ್ಳುವ ವೈರನ್ನೂ ಅವನು ಕೊಡಬಂದ. ತೃಪ್ತಿಕರರಿಗೆ ಕಿವಿಗೆ ಏನು ತಾಗಿದರೂ ಕಚಗುಳಿ. ಬೇಡವೆಂದರು. ಮುಂದೆ ನಡೆದದ್ದಕ್ಕೆಲ್ಲ ಆ ಕಚಗುಳಿಯನ್ನೇ ಹೊಣೆ ಮಾಡಬೇಕು.

ಮೊದಲ ದಿನ ಬೆಳಿಗ್ಗೆ ಆರಕ್ಕೆ ಅಂಗಿಯ ಜೇಬಿನಲ್ಲಿ ಫೋನಿಟ್ಟುಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದರು. ಫೋನು ಬಹಳ ಹೊತ್ತು ಯೋಚಿಸಿತು. ಆಮೇಲೆ ಜೋಗುಳ ಶುರುಮಾಡಿತು.

“ಯಾವ ಮಗೂನ ಮಲಗಿಸ್ತಿದೀರಿ?” ಎಂದು ಹೆಂಡತಿ ಒಳಗಿನಿಂದಲೇ ಕೇಳಿದರು.

“ಇದು ನನ್ನ ವೇಗಕ್ಕೆ ಹೊಂದೋ ಹಾಡು ಕಣೇ.”

“ಅಂತೂ ಆ ಫೋನಿಗೆ ಬುದ್ಧಿ ಇದೆ.”

ಬುದ್ಧಿ ಇದ್ದದ್ದು ನಿಜ, ಭಾಷೆಯದೇ ತೊಂದರೆ. ನಡಿಗೆ ಎನ್ನಬೇಕಾದಲ್ಲೆಲ್ಲ ಅದು ನಡತೆ ಎಂದು ಕಲಿತುಬಿಟ್ಟಿತ್ತು. ಓದುಗರಿಗೆ ಇದನ್ನು ಈಗಲೇ ಹೇಳಿಬಿಡುವುದು ವಾಸಿ. ತೃಪ್ತಿಕರರಿಗೆ ಮಾತ್ರ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಬೀದಿಗೆ ಇಳಿದು ಮ್ಯಾನೇಜರ ಗೇಟಿನ ಮುಂದೆ ಬರುವ ಹೊತ್ತಿಗೆ ಜೋಗುಳ ನಿಂತಿತು. ಜೇಬಿನೊಳಗಿಂದ ಒಬ್ಬ ಹೆಂಗಸು, ಬಹಳ ವಿನಯದಿಂದ, ಆದರೆ ಎರಡು ಮನೆಗೆ ಕೇಳುವಷ್ಟು ಸ್ಪಷ್ಟವಾಗಿ ಹೇಳಿದಳು:

“ನಿಮ್ಮ ನಡತೆ ಸಡಿಲವಾಗಿದೆ.”

ತೃಪ್ತಿಕರರು ನಿಂತಲ್ಲೇ ನಿಂತರು. ಇಪ್ಪತ್ತನಾಲ್ಕು ವರ್ಷ ಊರಿನವರ ನಡತೆ ಬರೆದ ಕೈ ಜೇಬಿನ ಮೇಲೆ ಹೋಯಿತು.

“ನಿಮ್ಮ ನಡತೆ ಸಡಿಲವಾಗಿದೆ. ನಾಚಿಕೆ ಬೇಡ. ನನ್ನ ಜೊತೆ ಹೆಜ್ಜೆ ಹಾಕಿ.”

ಗೋಡೆಯ ಆಚೆ ಹೂಕುಂಡಗಳಿಗೆ ನೀರು ಹಾಕುತ್ತಿದ್ದ ಮ್ಯಾನೇಜರ ಕೈಯಲ್ಲಿ ಪೈಪು ಹಾಗೇ ಉಳಿಯಿತು. ನೀರೆಲ್ಲ ಬಿಳಿ ಬೂಟಿನೊಳಗೆ ಇಳಿಯುತ್ತಿದ್ದರೂ ಅವರಿಗೆ ಪರಿವೆಯಿಲ್ಲ. ತೃಪ್ತಿಕರರು ಗಾಬರಿಯಿಂದ ಅಲ್ಲಿಂದ ಕಾಲು ಕಿತ್ತರು. ವೇಗ ಹೆಚ್ಚಿದ್ದೇ ತಡ, ಫೋನು ತಮಟೆ ಡೋಲುಗಳನ್ನೆಲ್ಲ ಒಟ್ಟಿಗೆ ಬಾರಿಸಿ, “ಹಾಂ, ಈಗ ಚೆನ್ನಾಗಿದೆ. ಹೀಗೇ ಮುಂದುವರಿಯಿರಿ” ಎಂದಿತು.

ಮ್ಯಾನೇಜರು ಕರ್ತವ್ಯಪ್ರಜ್ಞೆಯ ಮನುಷ್ಯ. ತೃಪ್ತಿಕರರು ಶಾಲೆಗೆ ಹೋದ ಮೇಲೆ ಅವರ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, ಗಂಟಲು ಸರಿಮಾಡಿಕೊಂಡರು.

“ಅಮ್ಮಾ, ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ನಿಮ್ಮ ಯಜಮಾನರ ಜೊತೆ ಒಬ್ಬ ಹೆಂಗಸು. ನಾನು ಕಣ್ಣಾರೆ ನೋಡಿಲ್ಲ, ಕಿವಿಯಾರೆ ಕೇಳಿದೆ. ನನ್ನ ಜೊತೆ ಹೆಜ್ಜೆ ಹಾಕಿ ಅಂತ ಕರೀತಾಳೆ.”

ಹೆಂಡತಿಗೆ ಕ್ಷಣದಲ್ಲಿ ಅರ್ಥವಾಯಿತು. ಆದರೆ ಇಂಥ ಸಂದರ್ಭ ಬದುಕಿನಲ್ಲಿ ಎಷ್ಟು ಸಲ ಬರುತ್ತದೆ?

“ಹಾಕಿದ್ರಾ?”

“ಹಾಕಿದ್ರು. ಓಡೇಬಿಟ್ರು.”

“ಇವರು? ಓಡಿದ್ರಾ? ನಿಜವಾಗ್ಲೂ?” ಹೆಂಡತಿ ಬಾಗಿಲಿಗೆ ಒರಗಿದರು. “ಅವಳು ಯಾರೇ ಇರಲಿ ಸಾರ್, ನಾಳೆ ಸಿಕ್ಕರೆ ಮನೆಗೆ ಕರ್ಕೊಂಡು ಬನ್ನಿ. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಲಿ ಆಗದೇ ಇದ್ದದ್ದು ಅವಳು ಒಂದು ಬೆಳಿಗ್ಗೇಲಿ ಮಾಡಿದಾಳೆ.”

‘ಪಾಪ, ಹೆಣ್ಣುಮಗಳು ಮನಸ್ಸನ್ನು ಕಲ್ಲು ಮಾಡಿಕೊಂಡಿದ್ದಾರೆ’ ಎಂದುಕೊಂಡ ಮ್ಯಾನೇಜರು ಕಣ್ಣೊರೆಸಿಕೊಂಡು ಹಿಂದಿರುಗಿದರು. ಮನೆಗೆ ಬಂದು ಮುಖ್ಯೋಪಾಧ್ಯಾಯಿನಿಗೆ ಫೋನು ಮಾಡಿದರು.

ಇತ್ತ ತೃಪ್ತಿಕರರಿಗೆ ಊಟ ಸೇರದಾಯಿತು. ಬೇರೆಯವರಾಗಿದ್ದರೆ ಫೋನಿನ ಮಾತನ್ನು ಗಾಳಿಗೆ ಬಿಡುತ್ತಿದ್ದರು. ಆದರೆ ಇವರ ಇಡೀ ಉದ್ಯೋಗವೇ ಆ ಒಂದು ಪದದ ಮೇಲೆ ನಿಂತದ್ದು. ಹೆಜ್ಜೆ ಎಣಿಸುವ ಯಂತ್ರಕ್ಕೆ ಮನುಷ್ಯನ ಹುಳುಕೂ ತಿಳಿಯುತ್ತದೆಯೆ? ತಿಳಿಯದೆ ಹೇಳುತ್ತದೆಯೆ? ಮರುದಿನ ಅದು ಮತ್ತೆ ಹೇಳಿತು. ಅದರ ಮರುದಿನವೂ ಹೇಳಿತು. ಒಂದು ವಾರ ಬಿಡದೆ ಕೇಳಿಸಿಕೊಂಡ ಮೇಲೆ ಅವರು ಮನೆಯ ಕಪಾಟಿನ ಹಿಂದೆ ಕೈಹಾಕಿ, ಒಂಬತ್ತು ವರ್ಷದ ಹಿಂದೆ ಮಗಳ ಪ್ರಾಜೆಕ್ಟಿಗೆಂದು ತಂದು ವಾಪಸು ಕೊಡಲು ಮರೆತಿದ್ದ ಶಾಲೆಯ ಸ್ಟೇಪ್ಲರನ್ನು ಹೊರತೆಗೆದರು. ಇದೇ ಇರಬೇಕು, ಇನ್ನೇನೂ ಇಲ್ಲ.

ಬುಧವಾರ ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿತ್ತು. ಸೂಜಿ ಬಿದ್ದರೂ ಕೇಳುವಂಥ ಮೌನ. ತೃಪ್ತಿಕರರು ಸ್ಟೇಪ್ಲರನ್ನು ಕರವಸ್ತ್ರದಲ್ಲಿ ಸುತ್ತಿ, ಸದ್ದಾಗದಂತೆ ತುದಿಗಾಲಲ್ಲಿ ಹೆಜ್ಜೆಯಿಡುತ್ತ, ನಡುನಡುವೆ ನಿಂತು ಅತ್ತಿತ್ತ ನೋಡುತ್ತ, ಮುಖ್ಯೋಪಾಧ್ಯಾಯಿನಿಯ ಕೋಣೆಯ ಕಡೆ ಸಾಗಿದ್ದರು. ಇಂಥ ಹೆಜ್ಜೆಯನ್ನು ಫೋನು ಈವರೆಗೆ ಕಂಡಿರಲಿಲ್ಲ. ಮೂರು ತರಗತಿಗಳ ಮಕ್ಕಳು, ಮೂವರು ಮೇಲ್ವಿಚಾರಕರು, ಬಾಗಿಲಿಗೆ ಬಂದು ನಿಂತಿದ್ದ ಮುಖ್ಯೋಪಾಧ್ಯಾಯಿನಿ ಎಲ್ಲರಿಗೂ ಕೇಳುವಂತೆ ಅದು ಘೋಷಿಸಿತು:

“ಎಚ್ಚರಿಕೆ! ನಿಮ್ಮ ನಡತೆ ಅಕ್ರಮವಾಗಿದೆ.”

“ಯಾರು ಅಂದದ್ದು?” ಎಂದರು ಮುಖ್ಯೋಪಾಧ್ಯಾಯಿನಿ.

ತೃಪ್ತಿಕರರು ಕರವಸ್ತ್ರ ಬಿಚ್ಚಿ ಎರಡೂ ಕೈಯಲ್ಲಿ ಮುಂದೆ ಹಿಡಿದರು.

“ಮೇಡಂ, ಇದೊಂದೇ. ಆಣೆ ಮಾಡಿ ಹೇಳ್ತೀನಿ, ಇದೊಂದೇ. ಒಂದು ಡಬ್ಬಿ ಪಿನ್ನೂ ಇತ್ತು, ಅದು ಖರ್ಚಾಯ್ತು.”

ಮುಖ್ಯೋಪಾಧ್ಯಾಯಿನಿ ಸ್ಟೇಪ್ಲರನ್ನು ನೋಡಿದರು, ಅವರನ್ನು ನೋಡಿದರು. ಮ್ಯಾನೇಜರ ಫೋನು ನೆನಪಾಯಿತು. ಯಾರೂ ಕೇಳದೆ ಸ್ಟೇಪ್ಲರ್ ತಂದು ಕೊಡುವ ಮನುಷ್ಯ ಇನ್ನೂ ಏನೇನು ಬಚ್ಚಿಟ್ಟಿರಬಹುದು! ಅಂದು ಸಂಜೆ ಅವರು ದಾಖಲೆ ಕೋಣೆಯ ಬೀಗ ಬದಲಾಯಿಸಿದರು.

ಶುಕ್ರವಾರ ಬಂತು. ಮೂರು ಗಂಟೆಗೆ ಸಮಿತಿ ಸೇರಿತು. ಉದ್ದ ಮೇಜಿನ ತಲೆಯಲ್ಲಿ ಮ್ಯಾನೇಜರು, ಬಲಕ್ಕೆ ಮುಖ್ಯೋಪಾಧ್ಯಾಯಿನಿ, ಎಡಕ್ಕೆ ಪೋಷಕರ ಪ್ರತಿನಿಧಿಯಾದ ಹಲ್ಲಿನ ಡಾಕ್ಟರು. ಡಾಕ್ಟರು ಯಾವ ಸಭೆಯನ್ನೂ ತಪ್ಪಿಸಿಕೊಂಡವರಲ್ಲ, ಯಾವ ಸಭೆಯಲ್ಲೂ ಎಚ್ಚರವಿದ್ದವರೂ ಅಲ್ಲ. ತೃಪ್ತಿಕರರು ಎದುರಿಗೆ ಕೈಯಿಲ್ಲದ ಕುರ್ಚಿಯಲ್ಲಿ ಮೊಣಕೈ ಮುದುಡಿಕೊಂಡು ಕೂತರು. ಮುಖ್ಯೋಪಾಧ್ಯಾಯಿನಿಯ ಸಹಿಗೆಂದು ಬಂದ ಗೋಂದು, ‘ತೃಪ್ತಿಕರ’ ಎಂದು ಬರೆದಿದ್ದ ತನ್ನ ಪತ್ರ ಹಿಡಿದುಕೊಂಡು ಬಾಗಿಲ ಹೊರಗೆ ಕಾಯುತ್ತಿದ್ದ.

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. “ಸುತ್ತಿ ಬಳಸಿ ಮಾತಾಡೋದು ಬೇಡ. ಆ ಹೆಂಗಸು ಯಾರು?”

“ಯಾವ ಹೆಂಗಸು ಸಾರ್?”

“ನಿಮ್ಮ ನಡತೆ ಸಡಿಲ ಅಂದವರು.”

“ಓ, ಅವರಾ!” ತೃಪ್ತಿಕರರ ಮುಖ ಬಾಡಿತು. “ಹೆಸರು ನನಗೂ ಗೊತ್ತಿಲ್ಲ ಸಾರ್. ಭಾಮೈದ ಮಾಡಿಕೊಟ್ಟದ್ದು.”

“ಭಾಮೈದ! ಹೆಂಡತಿಯ ಒಡಹುಟ್ಟಿದ ತಮ್ಮ!”

“ಹೌದು ಸಾರ್. ಅವನಿಗೆ ಇಂಥದ್ದರಲ್ಲಿ ಒಳ್ಳೇ ಅನುಭವ. ಊರಲ್ಲಿ ಎಷ್ಟೋ ಜನಕ್ಕೆ ಮಾಡಿಕೊಟ್ಟಿದಾನೆ.”

ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದರು. “ನಿಮ್ಮ ಮನೆಯವರಿಗೆ ಗೊತ್ತಾ?”

“ಗೊತ್ತು ಮೇಡಂ. ಮೊದಲನೇ ದಿನವೇ ಗೊತ್ತು. ಬುದ್ಧಿವಂತೆ ಅಂತ ಮೆಚ್ಚಿಕೊಂಡಳು.”

“ಎಷ್ಟು ದಿನದಿಂದ ನಡೀತಿದೆ ಇದು?”

“ಇವತ್ತಿಗೆ ಹನ್ನೊಂದು. ಹದಿನೈದು ದಿನ ಫ್ರೀ ಮೇಡಂ. ಆಮೇಲೆ ಇಷ್ಟ ಆದ್ರೆ ಇಟ್ಟುಕೊಳ್ಳಬಹುದು, ಇಲ್ಲ ಅಂದ್ರೆ ತೆಗೆದುಬಿಡಬಹುದು ಅಂದ.”

ಹಲ್ಲಿನ ಡಾಕ್ಟರಿಗೆ ಎಚ್ಚರವಾಯಿತು. ಆ ಸಮಿತಿಯ ಇತಿಹಾಸದಲ್ಲೇ ಹೀಗಾದದ್ದು ಇದೇ ಮೊದಲು.

“ಈಗ ಎಲ್ಲಿದ್ದಾಳೆ ಅವಳು?” ಎಂದು ಮ್ಯಾನೇಜರು ಮೇಜು ಗುದ್ದಿದರು.

“ಇಲ್ಲೇ ಸಾರ್, ಜೇಬಲ್ಲಿ.”

ಬಾಗಿಲ ಹೊರಗಿನಿಂದ ಯಾರೋ ಪಕಪಕನೆ ನಕ್ಕರು. ನಗು ತಡೆಯಲಾರದೆ ಗೋಂದು ಒಳಗೇ ಬಂದುಬಿಟ್ಟ.

“ಕ್ಷಮಿಸಿ ಮೇಡಂ. ಅದು ಹೆಂಗಸಲ್ಲ, ಫೋನು. ನನ್ನ ವ್ಯಾನಿನಲ್ಲೂ ಇಂಥದ್ದೇ ಒಂದು ದಾರಿ ತೋರಿಸೋದು ಇತ್ತು. ಬಲಕ್ಕೆ ತಿರುಗಿ ಅನ್ನೋ ಬದಲು ‘ಸರಿಯಾಗಿ ತಿರುಗಿ’ ಅಂತಿತ್ತು. ರೈಟು ಅಂದ್ರೆ ಸರಿ ಅಂದುಕೊಂಡಿತ್ತು ಅದು. ಮೂರು ದಿನ ನಾನು ಎಷ್ಟು ಸರಿಯಾಗಿ ತಿರುಗಿದ್ರೂ ಬೈತಾನೇ ಇತ್ತು. ಇದೂ ಅಂಥದ್ದೇ ಏನೋ ಎಡವಟ್ಟು. ಬೇಕಾದ್ರೆ ನೀವೇ ಜೇಬಲ್ಲಿಟ್ಟುಕೊಂಡು ನಡೆದು ನೋಡಿ.”

ಮ್ಯಾನೇಜರಿಗೆ ತಮ್ಮ ನಡಿಗೆಯ ಬಗ್ಗೆ ಇದ್ದಷ್ಟು ಭರವಸೆ ಬೇರೆ ಯಾವುದರ ಬಗ್ಗೆಯೂ ಇರಲಿಲ್ಲ. ಫೋನು ಜೇಬಿಗೆ ಹಾಕಿ, ಎದೆ ಮುಂದೆ ಮಾಡಿ ಮೇಜಿನ ಸುತ್ತ ಹೊರಟರು. ಅಂದು ನೀರು ಕುಡಿದು ಹಿಗ್ಗಿದ ಬೂಟು ಕಾಲಿಗೆ ಜಾರುತ್ತಿತ್ತು. ಎರಡನೇ ಸುತ್ತಿಗೆ ಆ ವಿನಯದ ಧ್ವನಿ ಕೇಳಿತು: “ನಿಮ್ಮ ನಡತೆ ಸಡಿಲವಾಗಿದೆ. ನಾಚಿಕೆ ಬೇಡ.”

“ಸುಳ್ಳು!” ಎಂದು ಕಿರುಚಿದರು ಮ್ಯಾನೇಜರು. “ಮೂವತ್ತೆಂಟು ವರ್ಷದ ಸರ್ವೀಸು ನನ್ನದು!”

ಮುಖ್ಯೋಪಾಧ್ಯಾಯಿನಿ ಫೋನನ್ನು ಕಸಿದುಕೊಂಡು ತಾವೇ ನಡೆದರು. ಕುರ್ಚಿಗಳ ಸಂದಿಯಲ್ಲಿ ನುಸುಳಿ, ಡಾಕ್ಟರ ಚಾಚಿದ ಕಾಲು ದಾಟಿ ಬರುವಷ್ಟರಲ್ಲಿ ಅವರ ನಡತೆ ಅಕ್ರಮವೆಂದು ತೀರ್ಮಾನವಾಯಿತು. ಡಾಕ್ಟರೂ ಹಟ ಹಿಡಿದು ಎರಡು ಹೆಜ್ಜೆ ಹಾಕಿದರು. ಅವರಿಗೆ ಜೋಗುಳ ಬಂತು. ಅವರು ಫೋನನ್ನು ತೃಪ್ತಿಕರರಿಗೆ ಕೊಟ್ಟು, ಕೂತು ಮತ್ತೆ ಕಣ್ಣು ಮುಚ್ಚಿದರು.

ಮುಖ್ಯೋಪಾಧ್ಯಾಯಿನಿ ಹದಿನೆಂಟು ವರ್ಷ ಭಾಷೆ ಕಲಿಸಿದವರು. ಕೆಂಪು ಶಾಯಿಯ ಪೆನ್ನಿಗಾಗಿ ಅವರ ಕೈ ತಾನಾಗಿ ತಡಕಾಡಿತು. “ನಡಿಗೆ! ಇದು ನಡತೆ ಅಲ್ಲ, ನಡಿಗೆ! ನಡಿಗೆ ಸಡಿಲ, ನಡಿಗೆ ಅಕ್ರಮ, ಅಂದ್ರೆ ಹೆಜ್ಜೆ ಒಂದೇ ಸಮ ಇಲ್ಲ ಅಂತ. ಅಯ್ಯೋ, ಇದಕ್ಕೆ ಪಾಠ ಹೇಳಿದವರು ಯಾರು!”

ನಗು ಮುಗಿಯಲು ಹತ್ತು ನಿಮಿಷ ಹಿಡಿಯಿತು. ಎಲ್ಲರಿಗಿಂತ ಕಡಿಮೆ ನಕ್ಕವರು ಮ್ಯಾನೇಜರು. ಆ ಗದ್ದಲದಲ್ಲೇ ಮುಖ್ಯೋಪಾಧ್ಯಾಯಿನಿ ಗೋಂದುವಿನ ಪತ್ರಕ್ಕೆ ಸಹಿ ಹಾಕಿ ಕೊಟ್ಟರು. ಅವನು ಏಳನೆಯ ಕಾಲಂ ಒಮ್ಮೆ ನೋಡಿ, ಪತ್ರವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, “ಬರ್ತೀನಿ ಸಾರ್. ನಿಮಗೆ ಒಳ್ಳೇದಾಗಲಿ” ಎಂದು ಹೊರಟುಹೋದ. ದೂರಲಿಲ್ಲ, ಗೊಣಗಲಿಲ್ಲ.

“ಸರಿ” ಎಂದು ಮುಖ್ಯೋಪಾಧ್ಯಾಯಿನಿ ತೃಪ್ತಿಕರರ ಕಡತ ತೆರೆದು ಪೆನ್ನು ಹಿಡಿದರು. “ನಡತೆ. ಏನು ಬರೀಲಿ?”

ತೃಪ್ತಿಕರರು ಮೊಣಕೈಗಳನ್ನು ಇನ್ನಷ್ಟು ಮುದುಡಿಕೊಂಡರು.

“ನೀವೇ ಹೇಳ್ತೀರಲ್ಲ ಸಾರ್, ಉತ್ತಮ ಅಂತ ಬರೆದರೆ ನಾಳೆ ಬರೆದವರನ್ನ ಕೇಳ್ತಾರೆ ಅಂತ. ತೃಪ್ತಿಕರ ಅಂತ ಹಾಕಿಬಿಡಲಾ? ಯಾರೂ ಏನೂ ಕೇಳಲ್ಲ.”

ಪೆನ್ನು ಕಾಗದದ ಮೇಲೆ ಗಾಳಿಯಲ್ಲಿ ನಿಂತಿತ್ತು. ಅಷ್ಟು ವರ್ಷ ತಾವು ಹಿಡಿದ ಪೆನ್ನಿನ ಆ ಕಡೆ ಕೂತರೆ ಹೇಗಿರುತ್ತದೆಂದು ತೃಪ್ತಿಕರರಿಗೆ ಆಗ ಮೊದಲ ಸಲ ಗೊತ್ತಾಯಿತು.

“ಒಂಬತ್ತು ವರ್ಷ ಆದ ಮೇಲೆ ಸ್ಟೇಪ್ಲರ್ ವಾಪಸ್ ತಂದುಕೊಟ್ಟವರನ್ನ ನಾನು ಬೇರೆ ನೋಡಿಲ್ಲ” ಎಂದು ಮುಖ್ಯೋಪಾಧ್ಯಾಯಿನಿ ಬರೆದರು: ಉತ್ತಮ. “ಕೇಳೋರು ನನ್ನನ್ನೇ ಕೇಳಲಿ. ಹೋಗಿ, ನಿಮ್ಮ ಕುರ್ಚಿಯಲ್ಲಿ ಕೂತ್ಕೊಳ್ಳಿ.”

ಗಡಿಯಾರ ನಾಲ್ಕೂ ಕಾಲು ತೋರಿಸುತ್ತಿತ್ತು. ತೃಪ್ತಿಕರರು ಕೈಗಳಿರುವ ಕುರ್ಚಿಯ ತನಕ ಹೋದರು. ಅದರ ಮೇಲೆ ಕೂರಲಿಲ್ಲ. ಪಕ್ಕದ ಕಪಾಟಿನಿಂದ ಒಂದು ಖಾಲಿ ಪ್ರಮಾಣಪತ್ರ ಎಳೆದು, ನಿಂತೇ ಬರೆದು, ಸೀಲು ಒತ್ತಿ, ಓಡಿಬಂದು ಮುಖ್ಯೋಪಾಧ್ಯಾಯಿನಿಯ ಮುಂದಿಟ್ಟರು. ಅವರು ಹೆಸರು ಓದಿದರು, ಏಳನೆಯ ಕಾಲಂ ಓದಿದರು. ಎದ್ದು ನಿಂತು ತಮ್ಮ ಕುರ್ಚಿಯನ್ನೊಮ್ಮೆ ಅಂಗೈಯಿಂದ ಸವರಿ ನೋಡಿದರು. ಅಂಟಲಿಲ್ಲ. ಸಹಿ ಹಾಕಿದರು.

ಬಸ್ ಡಿಪೋ ಇದ್ದದ್ದು ಮಾರುಕಟ್ಟೆಯ ಆಚೆ. ಶಾಲೆ ಬಿಟ್ಟ ಹೊತ್ತು, ಬೀದಿ ತುಂಬ ಗಾಡಿಗಳು ಒಂದಕ್ಕೊಂದು ಮೂಗು ತಾಗಿಸಿ ನಿಂತಿದ್ದವು. ನಡೆಯುವುದೊಂದೇ ದಾರಿ. ತೃಪ್ತಿಕರರು ಹೊರಟರು. ಜೇಬಿನೊಳಗೆ ಜೋಗುಳ ಶುರುವಾಯಿತು, ಅರ್ಧಕ್ಕೇ ನಿಂತಿತು, ಬೇರೆ ಹಾಡು ಬಂತು, ಅದೂ ಸಾಲದೆ ಮತ್ತೊಂದು ಬಂತು. ತರಕಾರಿ ಅಂಗಡಿಗಳ ನಡುವೆ ಹಾಯುವಾಗ ಡೋಲು ಕೇಳಿ ಜನ ದಾರಿ ಬಿಟ್ಟರು. “ನಿಮ್ಮ ನಡತೆ ಸುಧಾರಿಸುತ್ತಿದೆ” ಎಂದು ಫೋನು ಸಾರುತ್ತ ಬಂತು. “ಸಂತೋಷ ಸಾರ್!” ಎಂದು ಈರುಳ್ಳಿ ಮಾರುವವನು ಕೂಗಿದ. ಅವನದೂ ಏಳನೆಯ ಕಾಲಂನಲ್ಲಿ ತೃಪ್ತಿಕರವೇ.

ಐದಕ್ಕೆ ಮೂರು ನಿಮಿಷವಿರುವಾಗ ಅವರು ಡಿಪೋದ ಕಿಟಕಿ ಮುಟ್ಟಿದರು. ಗೋಂದು ಆಗಲೇ ತಲೆ ತಗ್ಗಿಸಿ ಹಿಂದಿರುಗುತ್ತಿದ್ದ. ಅವನ ತೋಳು ಹಿಡಿದು ತಿರುಗಿಸಿ, ಏದುಸಿರು ಬಿಡುತ್ತ, ಪತ್ರವನ್ನು ಒಳಗೆ ತಳ್ಳಿದರು.

ಕಿಟಕಿಯೊಳಗಿನ ಗುಮಾಸ್ತ ಪತ್ರ ಓದಿದ. ದೀಪಕ್ಕೆ ಹಿಡಿದು ನೋಡಿದ. ಮೂಸಿಯೂ ನೋಡಿದ.

“ಇದು ನಕಲಿ.”

“ಏನು?”

“ಆ ಶಾಲೆಯಿಂದ ‘ಉತ್ತಮ’ ಬರೋಕೆ ಸಾಧ್ಯಾನೇ ಇಲ್ಲ. ನಾನೂ ಅಲ್ಲೇ ಓದಿದ್ದು. ನಮ್ಮಣ್ಣ, ನಮ್ಮಕ್ಕ, ನಮ್ಮ ಮನೆಯವಳು ಎಲ್ಲ ಅಲ್ಲೇ ಓದಿದ್ದು. ಎಲ್ಲರದೂ ತೃಪ್ತಿಕರ. ಯಾರು ಬರೆದದ್ದು ಇದು?”

“ನಾನು.”

“ನಾಳೆ ಹೆಚ್ಚುಕಮ್ಮಿ ಆದ್ರೆ ಯಾರನ್ನ ಕೇಳೋಣ?”

ಇಪ್ಪತ್ತನಾಲ್ಕು ವರ್ಷ ಯಾವ ಪ್ರಶ್ನೆ ಎದುರಾಗಬಾರದೆಂದು ಬದುಕಿದ್ದರೋ ಅದೇ ಪ್ರಶ್ನೆ ಕಿಟಕಿಯ ಆಚೆಯಿಂದ ಅವರನ್ನು ನೋಡುತ್ತಿತ್ತು. ತೃಪ್ತಿಕರರು ಎರಡೂ ಮೊಣಕೈಗಳನ್ನು ಕಿಟಕಿಯ ಕಟ್ಟೆಯ ಮೇಲೆ ಊರಿದರು.

“ನನ್ನನ್ನ ಕೇಳಿ. ಇವನು ಎಂಟು ವರ್ಷದಲ್ಲಿ ಒಂದು ಕೋಳೀನೂ ಮುಟ್ಟಿಲ್ಲ. ಜವಾಬ್ದಾರಿ ನನ್ನದು. ಬೇಕಾದ್ರೆ ಅದನ್ನೂ ಬರೆದುಕೊಡ್ತೀನಿ.”

ಗೋಂದು ಅವರ ಪಕ್ಕಕ್ಕೆ ಬಂದು ನಿಂತ. ಅಷ್ಟರಲ್ಲಿ, ಬಂದ ದಾರಿಯ ಹೆಜ್ಜೆಗಳನ್ನೆಲ್ಲ ಕೂಡಿ ಕಳೆದು ಮುಗಿಸಿದ ಫೋನು ಡಿಪೋ ಪೂರ್ತಿ ಕೇಳುವಂತೆ ಹೇಳಿತು:

“ಅಭಿನಂದನೆಗಳು. ಇಂದು ನಿಮ್ಮ ನಡತೆ ಅತ್ಯುತ್ತಮವಾಗಿತ್ತು.”

ಗುಮಾಸ್ತ ಬೆಚ್ಚಿಬಿದ್ದು ಸೀಲು ಒತ್ತಿದ. ಒತ್ತಿದ ಮೇಲೆ ತಲೆ ಹೊರಗೆ ಹಾಕಿ ಮೆಲ್ಲಗೆ ಕೇಳಿದ: “ಸಾರ್, ಹಳೇ ಪತ್ರಗಳನ್ನೂ ಬದಲಾಯಿಸಿಕೊಡ್ತೀರಾ?”

ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ತೃಪ್ತಿಕರರು ಜಗಲಿಯಲ್ಲಿ ಕಾಲು ಚಾಚಿ ಕೂತು ಕುರ್ಚಿ, ಗೋಂದು, ಡಿಪೋ ಎಲ್ಲ ಕಥೆಯನ್ನೂ ಹೇಳಿ, ಕೊನೆಗೆ ಜೇಬು ತಟ್ಟಿಕೊಂಡರು.

“ಅತ್ಯುತ್ತಮ ಅಂದಳು ಕಣೇ. ಊರೆಲ್ಲ ಕೇಳಿಸಿಕೊಂಡಿತು.”

ಹೆಂಡತಿ ಕಾಫಿ ಲೋಟ ಅವರ ಕೈಗಿಟ್ಟು, ಊದಿಕೊಂಡ ಪಾದಗಳನ್ನು ಬಿಸಿನೀರಿನ ಬಕೆಟ್ಟಿಗೆ ಎತ್ತಿಟ್ಟರು. ಗಂಡನ ಮುಖವನ್ನು ಬಹಳ ಹೊತ್ತು, ತುಂಬಾ ಇಷ್ಟದಿಂದ ನೋಡಿದರು.

“ಅವಳಿಗೇನು, ಹನ್ನೊಂದು ದಿನದ ಪರಿಚಯ” ಎಂದರು. “ನನ್ನದು ಇಪ್ಪತ್ತಾರು ವರ್ಷದ್ದು. ತೃಪ್ತಿಕರ.”